ಕನ್ನಡದ ಬಾಯಿ

ಶ್ರೀ

ಪ್ರತಾಪನಗರ, ವಡೋದರಾ
17-7-1967

ಅತ್ತಿಗೆಯವರಿಗೆ ರುಕ್ಮಿಣಿಯ ನಮಸ್ಕಾರಗಳು.

ಇವತ್ತು ಪ್ರಥಮೈಕಾದಶಿ. ನನ್ನದು ನಿರ್ಜಲ ಉಪವಾಸ. ನಲ್ಲಿ ಬರುವ ಹೊತ್ತಿಗೆ ಎದ್ದು ನೀರು ಹಿಡಿದೆ. ಹೊಸಿಲು ಸಾರಿಸಿ, ರಂಗೋಲಿ ಇಟ್ಟು, ತುಳಸಿಗೆ ಸುತ್ತು ಬಂದು, ನಿಮ್ಮ ತಮ್ಮನಿಗೆ ಮಾತ್ರ ರವೆ ಗಂಜಿ ಕಾಯಿಸಿಟ್ಟು ಈ ಕಾಗದಕ್ಕೆ ಕೂತಿದ್ದೇನೆ. ಅವರೂ ಉಪವಾಸ ಮಾಡುತ್ತೇನೆ ಅಂದರು. ಕಾಯಿಲೆಯವರಿಗೆ ಉಪವಾಸವಿಲ್ಲ ಎಂದು ನಾನೇ ತಡೆದೆ.

ಎರಡು ವರ್ಷದಿಂದ ನಾನು ನಿಮಗೆ ಕಾಗದ ಬರೆದಿಲ್ಲ. ಯಾಕೆಂದು ನಿಮಗೂ ಗೊತ್ತು. ಸೂರತ್ತಿನ ನಿಮ್ಮ ಮನೆಯ ಸತ್ಯನಾರಾಯಣ ಪೂಜೆಯ ದಿನ ನನ್ನ ವೈದೇಹಿ ಪ್ರಸಾದದ ಪಾತ್ರೆ ಎತ್ತಲು ಒಳಗೆ ಬಂದಾಗ, “ಕಂಡೋರ ಎಂಜಲು ಬಾಯಿಗೆಲ್ಲ ಕೈ ಹಾಕೋ ಹುಡುಗಿ ನನ್ನ ಅಡುಗೆಮನೆ ಹೊಸಿಲು ದಾಟಕೂಡದು” ಅಂದಿರಿ. ಬಂದವರೆಲ್ಲರ ಎದುರಿಗೆ ಅಂದಿರಿ. ಅಹಮದಾಬಾದಿನಲ್ಲಿ ಹಲ್ಲಿನ ಡಾಕ್ಟರ ಓದಿಗೆ ಸೇರಿ ಅವಳಿಗೆ ಆಗಿನ್ನೂ ಎರಡನೇ ವರ್ಷ. ಪಾತ್ರೆಯನ್ನು ಇದ್ದಲ್ಲೇ ಬಿಟ್ಟು ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತಳು. ಅವಳ ಪಕ್ಕದಲ್ಲಿ ಹೋಗಿ ಕೂತವರು ನಿಮ್ಮ ತಮ್ಮ ಒಬ್ಬರೇ. ಆ ಮಾತು ಎತ್ತಬೇಕೆಂದು ಇವತ್ತು ಬರೆಯುತ್ತಿಲ್ಲ. ನಿಮ್ಮ ತಮ್ಮನಿಗಾಗಿ ಬರೆಯುತ್ತಿದ್ದೇನೆ.

ಅವರಿಗೆ ಮಾತು ಕೈಕೊಡುತ್ತಿದೆ.

ಮೊದಲು ತಲೆನೋವು ಅಂದರು. ಆಮೇಲೆ ಸಂಜೆಯಾದರೆ ಮೈ ಬೆಚ್ಚಗೆ. ಈಚೆಗೆ ಬೇಕಾದ ಮಾತು ಬೇಕಾದಾಗ ಸಿಗುತ್ತಿಲ್ಲ. ಲೋಟ ಕೇಳಬೇಕಾದರೆ “ಅದು ಕೊಡೇ, ಅದು, ಕುಡಿಯೋದು” ಅನ್ನುತ್ತಾರೆ. ಛತ್ರಿಗೆ ಬಾವುಟ ಅನ್ನುತ್ತಾರೆ. ನನಗೆ ಮೊದಲು ನಗು ಬಂತು. ಅವರೂ ನಕ್ಕರು. ಈಗ ಇಬ್ಬರೂ ನಗುವುದಿಲ್ಲ.

ಅವರ ಕೆಲಸ ಎಂಥದೆಂದು ನಿಮಗೆ ಗೊತ್ತು. ರೈಲ್ವೆ ಕಂಟ್ರೋಲಿನಲ್ಲಿ ಫೋನು ಹಿಡಿದು ಈ ಗಾಡಿ ಇಲ್ಲಿ ನಿಲ್ಲಲಿ, ಆ ಗಾಡಿ ಮುಂದೆ ಹೋಗಲಿ ಎಂದು ಸ್ಟೇಷನ್ ಮಾಸ್ತರರಿಗೆ ಹೇಳಬೇಕು. ಮೊನ್ನೆ ಆಣಂದ್ ಅನ್ನಬೇಕಾದ ಕಡೆ ನಡಿಯಾದ್ ಅಂದುಬಿಟ್ಟರಂತೆ. ಪಕ್ಕದಲ್ಲಿದ್ದವರು ಆಗಲೇ ತಿದ್ದಿದರು, ಏನೂ ಆಗಲಿಲ್ಲ. ಯಾರೂ ಏನೂ ಅನ್ನುವ ಮೊದಲೇ ಇವರು ಎದ್ದು ರಜೆ ಬರೆದುಕೊಟ್ಟು ಬಂದರು. “ನನ್ನ ಮಾತಿನ ಮೇಲೆ ನನಗೇ ನಂಬಿಕೆ ಇಲ್ಲ ಕಣೇ, ಗಾಡಿ ತುಂಬ ಜನರ ಜೀವ ಹೇಗೆ ಕೈಲಿ ಹಿಡೀಲಿ?” ಅಂದರು. ಅದೊಂದು ಮಾತು ಮಾತ್ರ ತಡವರಿಸದೆ ಬಂತು. ಹೀಗೇ ಆದರೆ ಅವರನ್ನು ಆ ಕುರ್ಚಿಯಲ್ಲಿ ಇನ್ನು ಕೂರಿಸುವುದಿಲ್ಲ. ಕುರ್ಚಿ ಹೋಗಲಿ ಅತ್ತಿಗೆ, ನನ್ನೆದುರು ಕೂತು ಪೇಪರಿನ ಸುದ್ದಿಗೆಲ್ಲ ವಾದ ಹಾಕುತ್ತಿದ್ದ ಮನುಷ್ಯ ಗೋಡೆ ನೋಡುತ್ತ ಕೂರುತ್ತಾರೆ. ನಾನು ಅದನ್ನು ಹೇಗೆ ನೋಡಲಿ?

ಓಣಿಯ ಡಾಕ್ಟರು ನಿದ್ದೆ ಸಾಲದು ಎಂದು ಟಾನಿಕ್ಕು ಕೊಟ್ಟಿದ್ದಾರೆ. ಪಕ್ಕದ ಮನೆಯವರು ಅರಳುಮರಳು ಬೇಗ ಬಂತು ಅನ್ನುತ್ತಾರೆ. ಐವತ್ತೈದು ತುಂಬದವರಿಗೆ ಎಂಥ ಅರಳುಮರಳು? ಮಾವನವರಿಗೆ ಕೊನೆಗಾಲದಲ್ಲಿ ಹೀಗೇನಾದರೂ ಆಗಿತ್ತೇ? ನಾನು ಮದುವೆಯಾಗಿ ಬರುವಾಗ ಅವರಿರಲಿಲ್ಲ. ಹೇಳಬಲ್ಲವರು ನೀವೊಬ್ಬರೇ. ಇದು ಮನೆತನದ್ದೇ ಆದರೆ ಹಣೆಬರಹ ಅಂದುಕೊಳ್ಳುತ್ತೇನೆ. ಅಲ್ಲವಾದರೆ ಸುಮ್ಮನೆ ಬಿಡುವವಳಲ್ಲ.

ವೈದೇಹಿಗೆ ಇನ್ನೂ ತಿಳಿಸಿಲ್ಲ. ಅವಳದು ಕೊನೆಯ ವರ್ಷ.

ಇತಿ,
ರುಕ್ಮಿಣಿ


ಶ್ರೀ

ಸೂರತ್
22-7-1967

ರುಕ್ಮಿಣಿಗೆ ಪದ್ಮಾ ಮಾಡುವ ಆಶೀರ್ವಾದ.

ನನ್ನ ಅಪ್ಪನಿಗೆ ಅರಳುಮರಳೇ? ಸಾಯುವ ದಿನ ಬೆಳಿಗ್ಗೆ ಯಾವ ತೆಂಗಿನಮರ ಯಾರ ಪಾಲು ಎಂದು ಬೆರಳು ಮಡಿಸಿ ಹೇಳಿ, ಕಾಫಿಗೆ ಸಕ್ಕರೆ ಸಾಲದೆಂದು ನನ್ನನ್ನು ಬೈದು ಕಣ್ಣು ಮುಚ್ಚಿದರು. ನಮ್ಮ ಕಡೆಯ ತಲೆಗಳಿಗೆ ಏನೂ ಆಗಿಲ್ಲ. ಕೇಳುವುದಕ್ಕೆ ಎರಡು ವರ್ಷ ಬೇಕಾಯಿತು ನಿನಗೆ.

ಪಟ್ಟಾಭಿ ಚಿಕ್ಕಂದಿನಿಂದ ನೋವು ಹೇಳಿಕೊಳ್ಳುವವನಲ್ಲ. ಕಾಲಿಗೆ ಮುಳ್ಳು ಮುರಿದುಕೊಂಡು ಕೀವಾದರೂ ಶಾಲೆಗೆ ಕುಂಟುತ್ತ ಹೋಗಿ ಬರುತ್ತಿದ್ದ. ನಾನೇ ಹಿಡಿದು ಕೂರಿಸಿ ಸೂಜಿಯಲ್ಲಿ ತೆಗೆದೆ. ಕಟ್ಟಿಕೊಂಡವಳು ನೋಡಬೇಕು, ಅವನು ಹೇಳಲಿ ಎಂದು ಕಾಯಬಾರದು.

ಇನ್ನು ಹುಡುಗಿಯ ಮಾತು. ನೀನು ಎತ್ತುವುದಿಲ್ಲ ಅಂದುಕೊಂಡೇ ಎತ್ತಿದ್ದೀಯೆ. ನಾನು ಅಂದದ್ದು ಕಟುವಾಗಿದ್ದಿರಬಹುದು, ಸುಳ್ಳಲ್ಲ. ಅವಳಿಗೆ ನಾನು ಗೊತ್ತುಮಾಡಿದ್ದ ಗಂಡಿನವರು ಅದೇ ಕಾರಣಕ್ಕೆ ಹಿಂದೆ ಸರಿದರು. ಆ ಕೈ ನಮ್ಮ ದೇವರ ಪಾತ್ರೆ ಮುಟ್ಟುವುದು ಬೇಡ ಅಂದರು. ಟೀಚರಾಗಬಹುದಿತ್ತು, ನಮ್ಮ ಯಜಮಾನರ ಹಾಗೆ ಇನ್ಶೂರೆನ್ಸ್ ಆಫೀಸಿನಲ್ಲಿ ಕೂರಬಹುದಿತ್ತು. ಊರವರ ಎಂಜಲೇ ಬೇಕಾಗಿತ್ತೇ?

ಮಂತ್ರಾಕ್ಷತೆ ಕಳಿಸಿದ್ದೇನೆ. ಅವನ ದಿಂಬಿನ ಕೆಳಗಿಡು. ಜ್ವರ ಬಿಡದಿದ್ದರೆ ತಂತಿ ಕೊಡು.

ಪದ್ಮಾ


ಶ್ರೀ

ವಡೋದರಾ
8-8-1967

ವೈದೇಹಿಗೆ ಅಮ್ಮನ ಆಶೀರ್ವಾದ.

ಇವತ್ತು ಶ್ರಾವಣದ ಮೊದಲ ಮಂಗಳವಾರ. ಗೌರಿ ಪೂಜೆ ಮುಗಿಸಿ ಬರೆಯುತ್ತಿದ್ದೇನೆ. ಈ ಕಾಗದವನ್ನು ನಮ್ಮ ಗಾರ್ಡ್ ಲಿಂಗರಾಜರ ಕೈಯಲ್ಲಿ ಕಳಿಸುತ್ತೇನೆ. ಅವರ ಗಾಡಿ ಸಂಜೆ ಅಹಮದಾಬಾದಿಗೆ ಬರುತ್ತದೆ. ಓದಿ ಹೆದರಬೇಡ.

ನಿನ್ನ ಅಪ್ಪನನ್ನು ಕಳೆದ ವಾರ ಆಸ್ಪತ್ರೆಗೆ ಸೇರಿಸಿದ್ದೇವೆ. ಜ್ವರ ಏರಿತು, ವಾಂತಿಯಾಯಿತು, ಕೂತಲ್ಲೇ ನಿದ್ದೆ ಹೋಗುತ್ತಾರೆ. ಅದಕ್ಕೂ ಮೊದಲೇ ಮಾತು ತಪ್ಪುತ್ತಿತ್ತು. ನಿನಗೆ ಹೇಳಿರಲಿಲ್ಲ, ಬೈದುಕೋ. ತಲೆಗೆ ಸಂಬಂಧಪಟ್ಟದ್ದು ಅನ್ನುತ್ತಾರೆ ಡಾಕ್ಟರು. ಮಿದುಳಿನ ಜ್ವರವೋ ಒಳಗೆ ಗೆಡ್ಡೆಯೋ ಇನ್ನೂ ಗೊತ್ತಾಗಿಲ್ಲವಂತೆ. ರಕ್ತ ತೆಗೆದರು, ಫೋಟೋ ಹಿಡಿದರು. ಗಂಡಸರ ವಾರ್ಡಿಗೆ ಹೆಂಗಸರನ್ನು ಮಧ್ಯಾಹ್ನ ಮಾತ್ರ ಬಿಡುತ್ತಾರೆ. ಅಷ್ಟು ಹೊತ್ತಿಗೆ ಇಂಜೆಕ್ಷನ್ನಿಗೆ ಅವರು ಮಲಗಿರುತ್ತಾರೆ. ಹಣೆ ಮುಟ್ಟಿ, ಗಂಧ ಇಟ್ಟು ಬರುತ್ತೇನೆ. ಅಷ್ಟೇ.

ಒಂದು ವಿಷಯ ಹೇಳುತ್ತೇನೆ, ನಗಬೇಕೋ ಅಳಬೇಕೋ ನನಗೆ ತಿಳಿಯದು. ಮೊನ್ನೆ ಲಿಂಗರಾಜರು ಡ್ಯೂಟಿ ಮುಗಿಸಿ ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಬಂದು ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರು. “ಅಕ್ಕಾರ, ಹ್ಯಾಂಗ ಹೇಳ್ಲಿ. ಸಾಹೇಬ್ರು ಬ್ಯಾರೆ ಏನೂ ಮಾತಾಡವಲ್ರಂತ. ಮುಂಜಾನಿಂದ ಬಾಯೀನ ಕರೀತಾರಂತ. ಬಾಯಿ, ಬಾಯಿ ಅಂತ ಒಂದ ಸಮ.”

ಆಸ್ಪತ್ರೆಯ ಆಯಾಗಳನ್ನು ಇಲ್ಲಿ ಬಾಯಿ ಅಂತಲೇ ಕರೆಯುವುದು ತಾನೆ? ಆ ವಾರ್ಡಿಗೆ ಜಯಂತಿ ಎಂಬ ಆಯಾ ಇದ್ದಾಳೆ. ಪಾಪ, ಇವರು ಕರೆದಾಗಲೆಲ್ಲ ಓಡಿ ಬಂದು “ಶು ಥಯು, ಕಾಕಾ?” ಏನಾಯಿತು ಕಾಕಾ ಎಂದು ಕೇಳುತ್ತಾಳೆ. ಇವರು ಕೈ ಬೀಸಿ ಅವಳನ್ನು ಅಟ್ಟುತ್ತಾರಂತೆ. ಮತ್ತೆ ಕರೆಯುತ್ತಾರಂತೆ. ನೀರು ಕೊಟ್ಟರೆ ಬೇಡ, ಹೊದಿಸಿದರೆ ಬೇಡ. ಆ ಬಾಯಿ ಅಲ್ಲ, ಮನೆಯ ಬಾಯಿ ಬೇಕಾಗಿರಬೇಕು, ಹೆಂಡತಿಯನ್ನು ಕರೆಯುತ್ತಿದ್ದಾರೆ ಎಂದು ಇಡೀ ವಾರ್ಡು ತೀರ್ಮಾನಿಸಿದೆ. ನಿನ್ನೆ ನಾನು ಹೋದಾಗ ಜಯಂತಿ ನನ್ನ ಕೆನ್ನೆ ಮುಟ್ಟಿ, ನಿನ್ನ ಗಂಡನಿಗೆ ನಿನ್ನ ಮೇಲೆ ಎಷ್ಟು ಪ್ರೀತಿ ಬೆನ್ ಅಂದಳು. ನಾನು ಸೆರಗು ಬಾಯಿಗೆ ಇಟ್ಟುಕೊಂಡೆ. ಮದುವೆಯಾದಂದಿನಿಂದ ‘ಇವಳೇ’ ಬಿಟ್ಟರೆ ಬೇರೆ ಹೆಸರಿಂದ ಕರೆದವರಲ್ಲ ನಿನ್ನ ಅಪ್ಪ. ಇಷ್ಟು ವರ್ಷ ಗುಜರಾತಿನ ನೀರು ಕುಡಿದು, ಈಗ ಬುದ್ಧಿ ಮಂಕಾದಾಗ ಗುಜರಾತಿಯಲ್ಲಿ ಕರೆಯುತ್ತಾರೆ, ನೋಡು.

ಪರೀಕ್ಷೆಗೆ ಓದಿಕೋ. ಅಲ್ಲಿಯ ದೊಡ್ಡಾಸ್ಪತ್ರೆಯಲ್ಲಿ ತಲೆ ನೋಡುವ ಡಾಕ್ಟರು ಇದ್ದಾರಂತೆ. ಯಾರೆಂದು ಕೇಳಿ ತಿಳಿಸು. ಗೌರಿ ಕೈಬಿಡುವುದಿಲ್ಲ.

ಅಮ್ಮ


ಅಹಮದಾಬಾದ್
9-8-1967

ಅಮ್ಮಾ,

ಲಿಂಗರಾಜ ಮಾಮಾ ಪ್ಲಾಟ್‌ಫಾರಂ ಮೇಲೆ ನಿಂತಿದ್ದಾರೆ, ಅವರ ಗಾಡಿ ಬಿಡುವ ಮೊದಲು ಇದನ್ನು ಬರೆದು ಕೊಡಬೇಕು. ನನ್ನ ಕನ್ನಡ ಅಕ್ಷರ ನೋಡಿ ನಗಬೇಡ.

ನೀನು ಯಾಕಮ್ಮಾ ಗುಜರಾತಿಯಲ್ಲಿ ಕೇಳಿಸಿಕೊಂಡೆ? ಅಪ್ಪ ಕರೆದದ್ದು ಆಯಾನನ್ನೂ ಅಲ್ಲ, ನಿನ್ನನ್ನೂ ಅಲ್ಲ. ಅಪ್ಪ ಕನ್ನಡದಲ್ಲಿ ಹೇಳುತ್ತಿದ್ದಾರೆ. ಬಾಯಿ ಅಂದರೆ ಬಾಯಿ. ಮೂಗಿನ ಕೆಳಗಿನದು. ಅವರಿಗೆ ಎಲ್ಲಾ ಮಾತು ಹೋಗಿ ಒಂದು ಉಳಿದಿದೆ, ಅದು ಸರಿಯಾದ ಮಾತು. ಅದನ್ನು ಯಾರೂ ಕೇಳಲಿಲ್ಲ.

ಬೇಸಿಗೆ ರಜೆಗೆ ಬಂದಾಗ ಅಪ್ಪ ಎಡಗಡೆಯಿಂದ ಅಗಿಯುತ್ತಿರಲಿಲ್ಲ. ಮೇಲಿನ ದವಡೆಯ ಹಲ್ಲು ಮುರಿದು ಬೇರು ಉಳಿದಿತ್ತು, ಲವಂಗದೆಣ್ಣೆ ಹಚ್ಚಿಕೊಳ್ಳುತ್ತಿದ್ದರು. ತೋರಿಸಿ ಅಂದೆ. “ಮಗಳ ಕೈಗೆ ನನ್ನ ಎಂಜಲು ತಾಗಿಸಿ ಯಾವ ನರಕಕ್ಕೆ ಹೋಗಲಿ?” ಎಂದು ನಕ್ಕು ಎದ್ದುಹೋದರು. ನಾನು ಒತ್ತಾಯ ಮಾಡಲಿಲ್ಲ.

ಹಲ್ಲಿನ ಬೇರಿನ ಕೀವು ಮಿದುಳಿಗೆ ಹೋಗಬಹುದು. ಅಪರೂಪ, ಆದರೆ ಹೋಗುತ್ತದೆ. ಇದನ್ನು ನಮ್ಮ ಪ್ರೊಫೆಸರರಿಗೆ ಹೇಳಿದೆ, ಅವರು ಅಲ್ಲಿಯ ಡಾಕ್ಟರಿಗೆ ಚೀಟಿ ಬರೆದುಕೊಡುತ್ತಿದ್ದಾರೆ. ಅದು ಸಿಕ್ಕ ತಕ್ಷಣ ಮುಂದಿನ ಗಾಡಿಗೆ ಹೊರಡುತ್ತೇನೆ. ನೀನು ಈಗಲೇ ಹೋಗಿ ಡಾಕ್ಟರಿಗೆ ಹೇಳು: ಬಾಯಿ ನೋಡಿ ಅಂತ. ಎಡಗಡೆ, ಮೇಲೆ.

ಪರೀಕ್ಷೆ ಇರುತ್ತದೆ ಬಿಡು.

ವೈದೇಹಿ


ಶ್ರೀ

ಅಹಮದಾಬಾದ್
25-8-1967

ಅತ್ತಿಗೆಯವರಿಗೆ ರುಕ್ಮಿಣಿಯ ನಮಸ್ಕಾರಗಳು.

ನಿಮ್ಮ ತಮ್ಮ ಇವತ್ತು ದಿಂಬಿಗೆ ಒರಗಿ ಕೂತು ಮೊಸರನ್ನ ಉಂಡರು. ಮೊದಲು ಇದನ್ನು ಓದಿಕೊಂಡು ಸಮಾಧಾನ ಮಾಡಿಕೊಳ್ಳಿ, ಆಮೇಲೆ ನನ್ನ ಮೇಲೆ ಕೋಪ ಮಾಡಿಕೊಳ್ಳಬಹುದು.

ನನ್ನ ತಂತಿಗೆ ಉತ್ತರವಾಗಿ ನೀವು ಕಳಿಸಿದ “ತಲೆ ಆಪರೇಷನ್ ಬೇಡ, ಸೂರತ್ತಿಗೆ ಕರೆತಾ” ಎಂಬ ತಂತಿ ತಡವಾಗಿ ಬಂತೆಂದು ನಾನು ಸುಳ್ಳು ಹೇಳುವುದಿಲ್ಲ. ಹೊತ್ತಿಗೆ ಸರಿಯಾಗಿಯೇ ಬಂತು. ಓದಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಡಾಕ್ಟರು ತೋರಿಸಿದ ಕಡೆ ರುಜು ಹಾಕಿದೆ. ರುಕ್ಮಿಣಿ ಎಂದು ಕನ್ನಡದಲ್ಲೇ ಹಾಕಿದೆ, ದೊಡ್ಡದಾಗಿ.

ನಡೆದದ್ದು ಹೀಗೆ. ವಡೋದರಾದ ಆಸ್ಪತ್ರೆಗೆ ವೈದೇಹಿ ಬಂದಿಳಿದಾಗ ನಾನು ವಾರ್ಡಿನ ಬಾಗಿಲಲ್ಲಿ ಕಾವಲುಗಾರನ ಹತ್ತಿರ ಜಗಳವಾಡುತ್ತಿದ್ದೆ. ಬಾಯಿ ನೋಡಿ ಎಂದು ಹೇಳಬೇಕು, ಒಳಗೆ ಬಿಡು ಅಂದರೆ ಅವನು “ಯಾವ ಬಾಯಿ? ಜಯಂತಿ ಬಾಯಿನಾ?” ಅನ್ನುತ್ತಾನೆ! ನನ್ನ ಹಿಂದಿ ನಿಮಗೆ ಗೊತ್ತಲ್ಲ. ವೈದೇಹಿ ಬಂದವಳು ಅವನ ಜೊತೆ ಗುಜರಾತಿಯಲ್ಲಿ ಎರಡು ಮಾತಾಡಿದಳು, ಅವನು ಎದ್ದು ನಿಂತ.

ಡಾಕ್ಟರು ಪ್ರೊಫೆಸರರ ಚೀಟಿ ಓದಿ, ಸರಿ ನೋಡಮ್ಮ ಅಂದರು. ಅವಳು ಸೆರಗು ಸಿಕ್ಕಿಸಿ, ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದಳು. ಎಷ್ಟು ಹೊತ್ತು ತೊಳೆದಳು ಅಂತೀರಿ! ನೈವೇದ್ಯಕ್ಕೆ ಕೂರುವ ಮೊದಲು ನಾನು ಅಷ್ಟು ಹೊತ್ತು ತೊಳೆಯುವುದಿಲ್ಲ. ಆಮೇಲೆ ಅವರ ಕಿವಿಯ ಹತ್ತಿರ ಬಗ್ಗಿ, “ಅಪ್ಪಾ, ಬಾಯಿ ಅಂದ್ರಲ್ಲ. ನಾನು ಬಂದಿದ್ದೀನಿ. ಆ ಅನ್ನಿ” ಅಂದಳು.

ಅವರು ಕಣ್ಣು ತೆರೆದು ಅವಳನ್ನು ನೋಡಿದರು. ತುಟಿ ಬಿಗಿ ಹಿಡಿದು ತಲೆ ಅಲ್ಲಾಡಿಸಿದರು. ಅಷ್ಟು ಕಾಯಿಲೆಯಲ್ಲೂ ಎಂಜಲಿನ ನೆನಪು ಮಾತ್ರ ಹೋಗಿಲ್ಲ, ಅಕ್ಕ ತಮ್ಮ ಇಬ್ಬರೂ ಒಂದೇ ಬೀಜ! ನಾನು ಕಾಲ ಬಳಿ ನಿಂತಿದ್ದೆ. ನನಗೆ ಎಲ್ಲಿಂದ ಧೈರ್ಯ ಬಂತೋ. “ಏನ್ರೀ, ನಾನು ಹೇಳ್ತಿದ್ದೀನಿ. ಆ ಕೈ ನಿಮ್ಮ ಮಗಳದು. ಹುಟ್ಟಿದಾಗಿಂದ ಅದರ ಎಂಜಲು ನಾನು ಬಳಿದಿದ್ದೀನಿ. ಈಗ ನಿಮ್ಮದು ಅದು ಬಳೀಲಿ, ಬಾಯಿ ತೆಗೀರಿ” ಎಂದು ಗದರಿದೆ. ಇಡೀ ವಾರ್ಡು ತಿರುಗಿ ನೋಡಿತು. ಅವರು ಬಾಯಿ ತೆರೆದರು. ಕಣ್ಣಲ್ಲಿ ನೀರು ಹರಿಯುತ್ತಿತ್ತು.

ಆ ವಾಸನೆ ನನಗೆ ಕಾಲ ಬಳಿಗೇ ಬಂತು, ಅತ್ತಿಗೆ. ಅವಳು ಮುಖ ತಿರುಗಿಸಲಿಲ್ಲ. ಒಸಡಿನ ಮೇಲೆ ಮೆಲ್ಲಗೆ ಒತ್ತಿದಳು, ಕೀವು ಒಸರಿತು. “ಇಲ್ಲಿ ಸರ್” ಎಂದು ಡಾಕ್ಟರನ್ನು ಕರೆದು ತೋರಿಸಿದಳು. ಅವರು ಬ್ಯಾಟರಿ ಹಿಡಿದು ನೋಡಿ, ಅವಳ ಮುಖ ನೋಡಿ, ಮತ್ತೆ ಬಾಯಿ ನೋಡಿದರು. ಕೂಡಲೇ ಅಹಮದಾಬಾದಿಗೆ ಕರೆದೊಯ್ಯಲು ಹೇಳಿದರು. ಜಯಂತಿ ಆಯಾ ಹಣೆ ಚಚ್ಚಿಕೊಂಡು, “ಅರೇ, ನನ್ನ ಕರೀತಾರೆ ಅಂತ ಓಡಿ ಓಡಿ ನನ್ನ ಕಾಲು ಸವೆದುಹೋಯ್ತು!” ಅಂದಳು. ಅಂಥ ಹೊತ್ತಿನಲ್ಲೂ ನಾವು ನಕ್ಕೆವು.

ಇಲ್ಲಿ ಆ ಬೇರು ಕಿತ್ತರು. ತಲೆಯಲ್ಲಿ ಸಣ್ಣ ತೂತು ಮಾಡಿ ಒಳಗೆ ಕಟ್ಟಿದ್ದ ಕೀವನ್ನು ಸೂಜಿಯಲ್ಲಿ ಎಳೆದರು. ಮಾತು ಇರುವ ಜಾಗಕ್ಕೇ ಅದು ಒತ್ತಿಕೊಂಡಿತ್ತಂತೆ. ಪೆನ್ಸಿಲಿನ್ ಇನ್ನೂ ನಡೆಯುತ್ತಿದೆ. ಹಲ್ಲಿಗೂ ತಲೆಗೂ ಎಲ್ಲಿಂದೆಲ್ಲಿಗೆ ಎಂದು ನಾನು ವೈದೇಹಿಯನ್ನು ಕೇಳಿದೆ. ಅವಳು ನನ್ನ ಕೆನ್ನೆಯ ಮೂಳೆ ಮುಟ್ಟಿ ತೋರಿಸಿದಳು. ಮೇಲಿನ ಹಲ್ಲಿನ ಬೇರು, ಅದರ ಮೇಲೆ ಒಂದು ಟೊಳ್ಳು, ಅದರ ಆಚೆ ಮಿದುಳು. ನಡುವೆ ಇರುವುದು ತೆಳು ಗೋಡೆಗಳು, ರಕ್ತದ ದಾರಿಗಳು. ನಮ್ಮ ಕ್ವಾರ್ಟರ್ಸಿನ ಗೋಡೆಯ ಹಾಗೆ ಅಂದುಕೊಂಡೆ. ಪಕ್ಕದವರು ಒಗ್ಗರಣೆ ಹಾಕಿದರೆ ನನ್ನ ದೇವರಮನೆಗೆ ಘಾಟು ಬರುತ್ತದಲ್ಲ, ಹಾಗೆ. ನಾವು ಬಾಯಿ ಬೇರೆ, ಬುದ್ಧಿ ಬೇರೆ ಎಂದು ಇಟ್ಟಿದ್ದೇವೆ. ದೇವರು ಒಂದೇ ಸೂರಿನಡಿ ಕಟ್ಟಿದ್ದಾನೆ. ಎಲ್ಲ ಮರೆವೂ ಹಲ್ಲಿನಿಂದ ಬರುವುದಲ್ಲ, ಎಲ್ಲ ಹಲ್ಲುನೋವೂ ತಲೆಗೆ ಏರುವುದಿಲ್ಲ, ಯಾರಿಗೂ ಹಾಗೆ ಹೇಳಿಬಿಡಬೇಡ ಎಂದು ಅವಳು ನನಗೆ ಎಚ್ಚರಿಕೆ ಕೊಟ್ಟಿದ್ದಾಳೆ. ಅದಕ್ಕೇ ಹಾಗೆ ಹೇಳುತ್ತಿಲ್ಲ. ನಿಮ್ಮ ತಮ್ಮನಿಗೆ ಆದದ್ದನ್ನಷ್ಟೇ ಹೇಳುತ್ತಿದ್ದೇನೆ.

ತಲೆಯ ಡಾಕ್ಟರು ನನ್ನ ಹತ್ತಿರ ಬಂದು, ಇನ್ನೆರಡು ದಿನ ಹೋಗಿದ್ದರೆ ಕಷ್ಟವಿತ್ತು, ಇವಳು ನಿಮ್ಮ ದೀಕ್ರಿಯೇ ಎಂದು ಕೇಳಿದರು. ಹೌದು, ಮಗಳು, ನನ್ನ ಮಗಳು ಎಂದು ಮೂರು ಭಾಷೆಯಲ್ಲಿ ಹೇಳಿದೆ. ನಾನು ಓದಿದ್ದು ಊರ ಶಾಲೆಯ ನಾಲ್ಕನೇ ಕ್ಲಾಸು. ಆ ಕಾರಿಡಾರಿನಲ್ಲಿ ಆವತ್ತು ನನ್ನಷ್ಟು ಎತ್ತರದ ಹೆಂಗಸು ಇರಲಿಲ್ಲ.

ಎಂಜಲು ಅಂದಿರಲ್ಲ. ಬ್ರಾಹ್ಮಣರ ಊಟವಾದ ಮೇಲೆ ಎಲೆ ಎತ್ತುವವರು ಯಾರು ಅತ್ತಿಗೆ? ನೀವು, ನಾನು. ಎತ್ತಿದ ಕೈ ತೊಳೆದುಕೊಂಡು ದೇವರ ಮುಂದೆ ದೀಪ ಹಚ್ಚುವವರೂ ನಾವೇ. ಅವಳೂ ಕೈ ತೊಳೆಯುತ್ತಾಳೆ, ನಮಗಿಂತ ಚೆನ್ನಾಗಿ.

ಇನ್ನೂ ಮಾತು ಪೂರ್ತಿ ಬಂದಿಲ್ಲ. ಮೊನ್ನೆ ಅನ್ನುವುದಕ್ಕೆ ನಾಳೆ ಅನ್ನುತ್ತಾರೆ. ಬರುತ್ತದೆ ಅನ್ನುತ್ತಾಳೆ ವೈದೇಹಿ. ಅವಳು ಅಂದರೆ ನಾನು ನಂಬುತ್ತೇನೆ.

ರುಕ್ಮಿಣಿ


ಶ್ರೀ

ಸೂರತ್
12-9-1967

ರುಕ್ಮಿಣಿಗೆ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಗೌರಿಹಬ್ಬ ಬಂತು, ಹೋಯಿತು.

ಅವನು ಸರಿಹೋದ ಎಂದು ನೀನು ಬರೆಯುತ್ತೀಯೆ. ನೀನು ಹಾಗೇ ಬರೆಯುವವಳು. ಬಿದ್ದರೂ ಬಿದ್ದೆ ಅನ್ನುವ ಜಾತಿಯಲ್ಲ. ಇವರ ಆಫೀಸಿನವರು ಒಬ್ಬರು ಹೇಳಿದರು, ತಲೆಗೆ ಕೈ ಹಾಕಿಸಿಕೊಂಡವರು ಎದ್ದು ಓಡಾಡುತ್ತಾರೆ, ಆದರೆ ಮೊದಲಿನ ಮನುಷ್ಯ ಆಗುವುದಿಲ್ಲವಂತೆ. ಅದು ಕೇಳಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ. ಅಮ್ಮ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು.

ಅವನ ಕೈಯಲ್ಲಿ ಒಂದು ಸಾಲು ಬರೆಸಿ ಕಳಿಸು. ನೀನು ಹೇಳಿಕೊಡಬೇಡ, ತಿದ್ದಬೇಡ. ಅವನದು ಯಾವುದು, ನಿನ್ನದು ಯಾವುದು ನನಗೆ ಗೊತ್ತಾಗುತ್ತದೆ.

ಹುಡುಗಿಯ ವಿಷಯ ಮತ್ತೆ ಬರೆಯಬೇಡ. ಓದಿದೆ.

ಪದ್ಮಾ


ಶ್ರೀ

ವಡೋದರಾ
29-9-1967

ಅತ್ತಿಗೆಯವರಿಗೆ ರುಕ್ಮಿಣಿಯ ನಮಸ್ಕಾರಗಳು.

ಕೇಳಿದ್ದು ಇದರ ಜೊತೆಯಲ್ಲೇ ಇದೆ. ಅದಕ್ಕೂ ಮೊದಲು ಮೊನ್ನೆಯ ದಿನದ್ದು ಹೇಳಬೇಕು.

ಪಕ್ಷಮಾಸವಲ್ಲವೇ, ಮಾವನವರ ಪಕ್ಷ ಮಾಡಲೇಬೇಕೆಂದು ಇವರು ಹಠ ಹಿಡಿದರು. ಸಂಕ್ಷೇಪದಲ್ಲಿ ಮಾಡಲಿ ಎಂದು ಡಾಕ್ಟರು ಒಪ್ಪಿದರು. ತಲೆ ಮೊದಲೇ ಬೋಳಾಗಿತ್ತು, ಪುರೋಹಿತರಿಗೆ ಸಂತೋಷ. ಆದರೆ ಅವತ್ತು ಬೆಳಿಗ್ಗೆಯೇ ಒಂದು ತಕರಾರು. ಶ್ರಾದ್ಧದ ದಿನ, ಏಕಾದಶಿಯ ದಿನ ಹಲ್ಲುಜ್ಜುವಂತಿಲ್ಲ, ನೀರು ಮುಕ್ಕಳಿಸಿದರೆ ಸಾಕು ಎಂದು ನಾವು ನಡೆಸಿಕೊಂಡು ಬಂದವರು. ವೈದೇಹಿ ಒಂದು ದಿನವೂ ಬಿಡಕೂಡದು ಎಂದು ಹೇಳಿ ಹೋಗಿದ್ದಾಳೆ. ಶಾಸ್ತ್ರ ಬಿಡಲೇ, ಮಗಳ ಮಾತು ಬಿಡಲೇ? ನೇರವಾಗಿ ಪುರೋಹಿತರನ್ನೇ ಕೇಳಿದೆ. ಅವರು, “ನಿಷೇಧ ಇರೋದು ಮರದ ಕಡ್ಡಿಗೆ ತಾಯಿ. ಪುಡಿ ಹಾಕಿ ಬೆರಳಲ್ಲಿ ಉಜ್ಜಿದರೆ ಯಾವ ಪಿತೃವೂ ಎದ್ದು ಹೋಗೋದಿಲ್ಲ” ಅಂದರು. ಇಷ್ಟು ವರ್ಷದ ಏಕಾದಶಿಗಳಲ್ಲಿ ನಾನು ಇದನ್ನು ಯಾರನ್ನೂ ಕೇಳಿರಲಿಲ್ಲ ನೋಡಿ. ಇವತ್ತು ಏಕಾದಶಿ, ಉಪವಾಸ ಇದ್ದೇನೆ, ಹಲ್ಲುಜ್ಜಿಯೇ ಇದ್ದೇನೆ.

ಇವರು ದರ್ಭೆ ಹಾಕಿಕೊಂಡು ಕೂತರು. ಪುರೋಹಿತರು ಪಿತೃಗಳ ಹೆಸರು ಹೇಳಿ ಅಂದರು. ನಾನು ಸೌಟು ಹಿಡಿದು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಇವರು ಬೆರಳಿನ ದರ್ಭೆಯನ್ನೇ ತಿರುಗಿಸುತ್ತ ಕೂತರು. ಹೇಳಿಕೊಡೋಣವೆಂದು ನಾಲಿಗೆಯ ತುದಿಗೆ ಬಂತು, ಕಚ್ಚಿ ಹಿಡಿದೆ. ನಾನು ಹೇಳಿಕೊಟ್ಟರೆ ಅದು ಅವರ ಪಕ್ಷವಲ್ಲ, ನನ್ನದು. ಆಮೇಲೆ ಮೆಲ್ಲಗೆ, ಸ್ಪಷ್ಟವಾಗಿ, ಪಾಂಡುರಂಗ ಅಂದರು. ನಿಮ್ಮ ಅಪ್ಪ. ರಾಮಕೃಷ್ಣ ಅಂದರು. ನಿಮ್ಮ ಅಜ್ಜ. ಮೂರನೆಯದು ಅವರು ಹೇಳುವ ಮೊದಲೇ ಪುರೋಹಿತರು ಅವಸರದಲ್ಲಿ ಕೃಷ್ಣಮೂರ್ತಿ ಎಂದು ಸೇರಿಸಿಬಿಟ್ಟರು. ಇವರು ಕೈ ಎತ್ತಿ ನಿಲ್ಲಿಸಿ, “ಆಚಾರ್ರೇ, ಅದು ಯಾರ ಮನೆ ಮುತ್ತಾತ? ನಮ್ಮೋರಲ್ಲ. ಅವರ ಪಿಂಡ ನಾನಿಟ್ಟರೆ ಅವರ ಮೊಮ್ಮಕ್ಕಳು ಬಂದು ಜಗಳ ತೆಗೀತಾರೆ. ನಮ್ಮ ಮುತ್ತಾತ ಲಕ್ಷ್ಮೀಪತಿ” ಅಂದರು.

ನಾನು ಸೌಟು ಕೆಳಗಿಟ್ಟು ಅಲ್ಲೇ ನೆಲಕ್ಕೆ ಹಣೆ ಹಚ್ಚಿದೆ.

ಡಾಕ್ಟರ ಸರ್ಟಿಫಿಕೇಟು, ಆಫೀಸಿನವರ ಪರೀಕ್ಷೆ ಎಲ್ಲ ಆಮೇಲೆ ಆಯಿತು. ದೀಪಾವಳಿ ಕಳೆದು ಕೆಲಸಕ್ಕೆ ಬರಲಿ, ಮೊದಲು ಕೆಲವು ತಿಂಗಳು ಫೋನಿನ ಮುಂದೆ ಬೇಡ, ಕಾಗದದ ಕೆಲಸ ನೋಡಲಿ ಅಂದಿದ್ದಾರೆ. ಇವರು ಗೊಣಗುತ್ತಿದ್ದಾರೆ. ಗೊಣಗಲಿ. ಗೊಣಗಿದ್ದು ಪೂರ್ತಿ ವಾಕ್ಯದಲ್ಲಿ ಇರುತ್ತದೆ. ದಣಿದಾಗ ಒಂದೊಂದು ಮಾತು ಈಗಲೂ ಜಾರುತ್ತದೆ, ಮುಚ್ಚಿಡುವುದಿಲ್ಲ. ಜಾರಿದ್ದು ಅವರಿಗೇ ಗೊತ್ತಾಗುತ್ತದೆ, ಹಿಂದೆ ಹೋಗಿ ಹುಡುಕಿ ತರುತ್ತಾರೆ.

ಇನ್ನು ನೀವು ಕೇಳಿದ ಸಾಲು. ಕಾಗದ, ಪೆನ್ನು ಮುಂದಿಟ್ಟು, ಅಕ್ಕ ಕೇಳಿದ್ದಾರೆ ಎಂದಷ್ಟೇ ಹೇಳಿ ನಾನು ಬಟ್ಟೆ ಒಣಹಾಕಲು ಹೋದೆ. ಅವರು ಬರೆದದ್ದನ್ನು ಹಾಗೇ ಇಟ್ಟಿದ್ದೇನೆ. ಓದಿಕೊಳ್ಳಲು ಕಷ್ಟವಾದೀತು, ಅಕ್ಷರ ಸ್ವಲ್ಪ ನಡುಗಿದೆ. ಅದಕ್ಕೆ ಇಲ್ಲಿ ಇಳಿಸಿ ಬರೆಯುತ್ತೇನೆ:

“ಅಕ್ಕಾ, ಬದುಕಿದ್ದೇನೆ. ಮಗಳು ನನ್ನ ಬಾಯಿ ನೋಡಿ ತಲೆ ಸರಿಮಾಡಿದಳು. ನೀನೂ ಒಂದು ಸಲ ಅವಳ ಮುಂದೆ ಬಾಯಿ ತೆರೆದು ಕೂರು. ನಿನ್ನ ಹಲ್ಲು ಗಟ್ಟಿ, ನನಗೆ ಗೊತ್ತು. ನಾನು ಹೇಳುತ್ತಿರುವುದು ನಾಲಿಗೆಯ ವಿಷಯ. ಅದಕ್ಕೂ ಅವರ ಕಾಲೇಜಿನಲ್ಲಿ ಔಷಧ ಇದೆಯೋ ಕೇಳೋಣ. ನಿನ್ನ ಪಟ್ಟಾಭಿ.”

ಇದು ಅವರದೋ ನನ್ನದೋ ನೀವೇ ತೀರ್ಮಾನಿಸಿ. ಅಕ್ಕನನ್ನು ಹೀಗೆ ಚುಡಾಯಿಸುವ ಧೈರ್ಯ ನನಗಂತೂ ಇಲ್ಲ. ಓದಿ ನಾನು ಎಷ್ಟು ನಕ್ಕೆನೆಂದರೆ ಪಕ್ಕದ ಮನೆಯವರು ಏನಾಯಿತೆಂದು ಬಂದು ಕೇಳಿದರು.

ವೈದೇಹಿ ಪರೀಕ್ಷೆ ಬರೆದಳು. ಮುಂದಿನ ವಾರ ಅವರ ಪ್ರೊಫೆಸರು ಕೆಲವು ವಿದ್ಯಾರ್ಥಿಗಳನ್ನು ಸೂರತ್ತಿನ ಶಾಲೆಗಳ ಮಕ್ಕಳ ಹಲ್ಲು ನೋಡಲು ಕರೆತರುತ್ತಿದ್ದಾರೆ, ಅವರಲ್ಲಿ ಅವಳೂ ಇದ್ದಾಳೆ. ಈ ಕಾಗದಕ್ಕೆ ಉತ್ತರವನ್ನು ದಯವಿಟ್ಟು ಅಂಚೆಗೆ ಹಾಕಬೇಡಿ. ಶನಿವಾರ ಸಂಜೆ ಕೆಲಸ ಮುಗಿಸಿ ಅವಳೇ ನಿಮ್ಮ ಮನೆಗೆ ಬಂದು ತೆಗೆದುಕೊಂಡು ಬರಲಿ ಎಂದು ಹೇಳಿದ್ದೇನೆ. ಬಂದವಳು ಮೆಟ್ಟಿಲ ಮೇಲೆ ನಿಂತಿರುತ್ತಾಳೆ, ಕರೆಯದೆ ಒಳಗೆ ಬರುವವಳಲ್ಲ, ಅಷ್ಟು ಮಾನ ನನ್ನ ಮಗಳಿಗಿದೆ. ಅವಳಿಗೆ ನಿಮ್ಮ ಕೈಯ ಗೊಜ್ಜವಲಕ್ಕಿ ಇಷ್ಟ. ನೀವೇ ಎದ್ದು ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಒಲೆಯ ಪಕ್ಕದಲ್ಲಿ ಕೂರಿಸಿ, ಆಮೇಲೆ ಉತ್ತರ ಕೊಡಿ. ಬಾಗಿಲಲ್ಲೇ ಕೊಟ್ಟು ಕಳಿಸುವುದಾದರೆ ಅವಳು ಬರಿಗೈಯಲ್ಲೇ ಹಿಂತಿರುಗಲಿ.

ಇತಿ,
ವೈದೇಹಿಯ ಅಮ್ಮ ರುಕ್ಮಿಣಿ